ಬಸ್ಸು ತಿರುಗಿಸುವ ಜಾಗ

ಲಿಸ್ಲ್

ಅಮೆರಿಕದಿಂದ ಬಂದ ಮೇಲೆ ನಮ್ಮ ಓಣಿಯ ಹೆಂಗಸರು ಸುತ್ತ ಕೂತು ಮೊದಲು ಕೇಳಿದ್ದು ಶಿಕಾಗೋದ ಮುಗಿಲು ಮುಟ್ಟುವ ಕಟ್ಟಡದ ಬಗ್ಗೆ. ಹತ್ತಿದೆ, ಕಿವಿ ಗಪ್ಪಾಯಿತು, ಇಳಿದೆ ಅಂದೆ. ಅಲ್ಲಿಗೆ ಆ ಕತೆ ಮುಗಿಯಿತು. ನನಗೆ ಹೇಳಬೇಕಾಗಿದ್ದುದು ಬೇರೆಯೇ ಇತ್ತು: ಕ್ರೊಯೇಷಿಯಾ ಎಂಬ ದೇಶದ ಎರಡು ಪುಟ್ಟ ಊರು, ಅವುಗಳ ಪಂಚಾಯ್ತಿ, ಅವುಗಳ ಜಗಳ.

"ಅಲ್ಲಬೇ ಯಕ್ಕಾ, ನೀ ಹೋಗಿದ್ದು ಅಮೆರಿಕಾಕ್ಕೋ, ಮತ್ತೆಲ್ಲಿಗೋ?" ಎಂದು ಒಬ್ಬಳು ಕೇಳಿಯೇ ಬಿಟ್ಟಳು. ಹೋಗಿದ್ದು ಅಮೆರಿಕಕ್ಕೇ. ಆದರೆ ಪಂಚಾಯ್ತಿ ಮಾಡಿದ ಕಾಲು ಎಲ್ಲಿಗೆ ಹೋದರೂ ಪಂಚಾಯ್ತಿಯ ಕಡೆಗೇ ಎಳೆಯುತ್ತದೆ, ಏನು ಮಾಡಲಿ?

ನಮ್ಮದು ಸವಣೂರ ಕಡೆಯ ಹಳ್ಳಿ. ಹತ್ತಿ ಹಿಂಜಿ ಗಾದಿ ತುಂಬುವ ಮನೆತನ, ಮನೆಮಾತು ಕನ್ನಡ. ಹೊಸ ಕಾಯ್ದೆ ಬಂದು ಹೆಂಗಸರಿಗೆ ಮೀಸಲಾತಿ ಸಿಕ್ಕಾಗ ನಾನೂ ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಅಧ್ಯಕ್ಷೆಯಾಗಿದ್ದೆ. ಮೊದಮೊದಲು ನನ್ನ ಕುರ್ಚಿಯಲ್ಲಿ ನಮ್ಮ ಯಜಮಾನರು ಕೂರುತ್ತಿದ್ದರು, ನಾನು ಮನೆಯಿಂದ ಚಹಾ ಕಳಿಸುತ್ತಿದ್ದೆ. ಒಂದು ದಿನ ಚಹಾ ನಾನೇ ಒಯ್ದು, ಕಪ್ಪು ಅವರ ಕೈಗೆ ಕೊಟ್ಟು, "ಏಳ್ರಿ ಇನ್ನ" ಅಂದೆ. ಎದ್ದರು, ಪುಣ್ಯಾತ್ಮರು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ತಂಗಿ ಹಸೀನಾ ನನ್ನನ್ನು ಶಿಕಾಗೋ ಹತ್ತಿರದ ಲಿಸ್ಲ್‌ಗೆ ಕರೆಸಿಕೊಂಡಳು. ಅವಳಿಗೆ ಅಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಅವಳ ಗಂಡ ರಫೀಕ್ ಮೈಸೂರಿನವರು, ಕಾರಿನ ಬಿಡಿಭಾಗದ ಕಂಪನಿಯಲ್ಲಿ ಎಂಜಿನಿಯರ್. ನನ್ನ ಸೂಟ್‌ಕೇಸು ಬಿಚ್ಚಿದ ಹಸೀನಾ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. ಒಳಗೆ ಮೂರು ಶಾಲು, ಮೂರು ಗಂಧದ ಹಾರ, ಮೂರು ಮೈಸೂರು ಪೇಟ.

"ಯಾರಿಗೆ ಅಕ್ಕಾ ಇವೆಲ್ಲಾ?"

"ಯಾರರೆ ಸಿಗ್ತಾರ ತಗೋ" ಅಂದೆ. ನಮ್ಮ ಕಡೆ ಸನ್ಮಾನದ ಸಾಮಾನಿಲ್ಲದೆ ಪಂಚಾಯ್ತಿಯ ಮನುಷ್ಯ ಹೊಸ್ತಿಲು ದಾಟಿದ್ದುಂಟೆ? ಬಿಇಒ ಬಂದರೆ ಶಾಲು, ಎಂಜಿನಿಯರ್ ಬಂದರೆ ಶಾಲು, ನಿವೃತ್ತನಾದ ಪೋಸ್ಟ್‌ಮನ್ನಿಗೂ ಶಾಲು. ಎರಡು ಜೊತೆ ಪಕ್ಕದೂರು ನೇಪರ್‌ವಿಲ್‌ನ ಕನ್ನಡದವರ ಕೂಟದಲ್ಲಿ ಹಿರಿಯ ಡಾಕ್ಟರ್ ದಂಪತಿಗೆ ಖರ್ಚಾದವು. ಒಂದು ಜೊತೆ ಉಳಿಯಿತು. ಅದರದೇ ಈ ಕತೆ.

ಮಾರಾಳ ಬೆಂಚು

ಗಂಡ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಹೊರಗೆ ಬಂದರೆ ಯಾ ಅಲ್ಲಾ, ಅದೇನು ಮೌನ! ಮನೆ ಪಕ್ಕ ಮನೆ ಇದೆ, ಹುಲ್ಲು ಕತ್ತರಿಸಿ ಜಮಖಾನೆ ಹಾಸಿದ ಹಾಗಿದೆ, ಮನುಷ್ಯರ ಸುಳಿವಿಲ್ಲ. ಎಲ್ಲರ ಬದುಕೂ ಹಿತ್ತಲಲ್ಲಿ. ಬೀದಿಯ ಕಡೆ ಮುಖ ಮಾಡಿ ಕೂರುವವರೇ ಇಲ್ಲ.

ಮೂರನೇ ಮನೆಯ ಮುಂದೆ ಮಾತ್ರ ಒಂದು ಮರದ ಬೆಂಚು ಬೀದಿ ನೋಡುತ್ತಿತ್ತು. ಅದರ ಮೇಲೆ ತಲೆಗೆ ಕಪ್ಪು ಸ್ಕಾರ್ಫ್ ಕಟ್ಟಿದ ಮುದುಕಿಯೊಬ್ಬಳು ಬೀನ್ಸ್ ಬಿಡಿಸುತ್ತಿದ್ದಳು. ಕಟ್ಟೆ ಸಿಕ್ಕಿತಲ್ಲ ಎಂಬ ಖುಷಿಗೆ ನಾನು ಕೇಳದೆಯೇ ಹೋಗಿ ಪಕ್ಕ ಕೂತು, ಒಂದು ಹಿಡಿ ಬೀನ್ಸ್ ತೆಗೆದುಕೊಂಡು ಬಿಡಿಸತೊಡಗಿದೆ. ಅವಳು ನನ್ನ ಕೈ ನೋಡಿದಳು, ನಾರು ಸರಿಯಾಗಿ ತೆಗೆಯುತ್ತೇನೋ ಇಲ್ಲವೋ ಅಂತ. ಆಮೇಲೆ ಸರಿದು ಜಾಗ ಕೊಟ್ಟಳು.

ಅವಳೇ ಮಾರಾ. ಕ್ರೊಯೇಷಿಯಾದವಳು, ಎಪ್ಪತ್ತು ದಾಟಿದ ವಿಧವೆ, ಮಗನ ಮನೆಯಲ್ಲಿದ್ದಾಳೆ. ನನ್ನದು ಪಂಚಾಯ್ತಿ ಇಂಗ್ಲಿಷು: ಬಜೆಟ್, ಟೆಂಡರ್, ಬಿಲ್ ಪಾಸ್. ಅವಳದೂ ಒಡಕು. ಇಬ್ಬರದೂ ಒಡಕಾಗಿದ್ದರಿಂದ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾದೆವು. ನಡುವೆ ಸಿಕ್ಕಿಕೊಂಡರೆ ಸಂಜೆ ಹಸೀನಾ ಬಿಡಿಸುತ್ತಿದ್ದಳು.

ನಾನು ಊರಿನ ಅಧ್ಯಕ್ಷೆಯಾಗಿದ್ದೆ ಎಂದು ತಿಳಿದ ದಿನ ಮಾರಾ ಬುಟ್ಟಿ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು. "ನನ್ನ ಗಂಡ ಇವಾನನೂ ಆಗಿದ್ದ" ಅಂದಳು. ಬೆಂಚಿನ ಮೇಲೆ ಎರಡು ಕಾಫಿ ಕಪ್ಪು ಇಟ್ಟು ನಕ್ಷೆ ಮಾಡಿ ತೋರಿಸಿದಳು. ಗುಡ್ಡದ ಮೇಲೊಂದು ಊರು, ಕೆಳಗೊಂದು ಊರು. ಅವುಗಳ ಹೆಸರು ನನ್ನ ನಾಲಿಗೆಯಲ್ಲಿ ಹೊರಳಲಿಲ್ಲ. ಮೇಲಿನೂರು, ಕೆಳಗಿನೂರು ಅಂದೆ. ಮೇಲಿನೂರು ಮಾರಾಳ ತವರು, ಕೆಳಗಿನೂರು ಗಂಡನ ಮನೆ. ಈಗ ಮೇಲೆ ಆರು ಜನ, ಕೆಳಗೆ ಒಂಬತ್ತು ಜನ.

"ಜನ ಅಂದ್ರ ಮನೀನೋ?" ಎಂದು ಹಸೀನಾಳ ಬಾಯಿಂದ ಕೇಳಿಸಿದೆ. ಮನೆಯಲ್ಲ, ತಲೆ! ನಮ್ಮ ಒಂದು ಮನೆಯಲ್ಲಿ ರಂಜಾನಿನ ದಿನ ಉಣ್ಣಲು ಕೂರುವವರೇ ಅದಕ್ಕಿಂತ ಹೆಚ್ಚು. ಆದರೂ ಸರಕಾರದ ಲೆಕ್ಕದಲ್ಲಿ ಅವು ಊರುಗಳೇ, ದಾರಿಯಲ್ಲಿ ಹೆಸರಿನ ಬೋರ್ಡೂ ಇದೆಯಂತೆ. ಇಂಥ ಹತ್ತಾರು ಊರು ಸೇರಿ ಒಂದು ಒಪ್ಚಿನಾ. ಅದು ನಮ್ಮ ಗ್ರಾಮ ಪಂಚಾಯ್ತಿ ಅಂದುಕೊಳ್ಳಿ. ಅದಕ್ಕೆ ಸದಸ್ಯರು, ಒಬ್ಬ ಮುಖ್ಯಸ್ಥ. ಅದರ ಮೇಲೆ ಜುಪಾನಿಯಾ, ಅಂದರೆ ಜಿಲ್ಲೆ. ಕೆಳಗೆ ಊರಿಗೊಂದು ಸಮಿತಿ. ಊರು ತೀರಾ ಸಣ್ಣದಿದ್ದರೆ ಎರಡು ಮೂರು ಊರಿಗೆ ಸೇರಿ ಒಂದು. ಬೀದಿದೀಪ, ದಾರಿ, ಬಸ್ಸು ಏನೇ ಬೇಕಿದ್ದರೂ ಸಮಿತಿ ಕೇಳಬೇಕು, ಒಪ್ಚಿನಾ ಕೊಡಬೇಕು.

"ಕೇಳೋ ಅಧಿಕಾರ ಐತಿ, ಕೊಡೋ ಅಧಿಕಾರ ಇಲ್ಲ. ನಮ್ಮ ವಾರ್ಡ್ ಮೆಂಬರ್ ಇದ್ದಂಗ!" ಎಂದು ನಾನು ನಕ್ಕೆ. ಮಾರಾ ನಗಲಿಲ್ಲ.

ಅಕ್ಟೋಬರಿನಲ್ಲಿ ಅವಳು ಕೆಳಗಿನೂರಿಗೆ ಹಿಂತಿರುಗಿ ಅಲ್ಲೇ ಇದ್ದುಬಿಡಬೇಕು ಎಂದಿದ್ದಳು. ಮನೆ ಗಟ್ಟಿಯಾಗಿದೆ, ಹಿತ್ತಲಲ್ಲಿ ಅಂಜೂರದ ಮರವಿದೆ. ಆದರೆ ಡಾಕ್ಟರು, ಔಷಧಿ ಅಂಗಡಿ ಎಲ್ಲ ಇರುವುದು ಒಪ್ಚಿನಾದ ಪೇಟೆಯಲ್ಲಿ, ಮತ್ತು ಬಸ್ಸು ನಿಂತು ಎಷ್ಟೋ ವರ್ಷವಾಗಿದೆ. ಬಸ್ಸಿಲ್ಲದಿದ್ದರೆ ಕಳಿಸುವುದಿಲ್ಲ ಎಂದು ಮಗ ಖಡಾಖಂಡಿತ ಹೇಳಿದ್ದ. ಅವನ ಮಾತೂ ಸುಳ್ಳಲ್ಲ, ಬಿಪಿಯ ಗುಳಿಗೆ ಗುಡ್ಡದ ಮೇಲೆ ಬೆಳೆಯುತ್ತದೆಯೆ? ಒಪ್ಚಿನಾದವರು ಬುಧವಾರಕ್ಕೊಂದು ಸಣ್ಣ ಬಸ್ಸು ಬಿಡಲು ಒಪ್ಪಿದ್ದರು. ಒಂದೇ ಷರತ್ತು: ಎಲ್ಲಿ ನಿಲ್ಲಬೇಕು ಎಂದು ಎರಡೂ ಊರಿನ ಸಮಿತಿ ಒಂದೇ ಬಾಯಲ್ಲಿ ಹೇಳಬೇಕು.

ಹಿಂದಿನ ಹಾಗೆ ಕೆಳಗೇ ನಿಲ್ಲಲಿ ಎಂಬುದಕ್ಕೆ ಕೆಳಗಿನೂರಿನವರು ಹೂಂ ಅಂದಿದ್ದರು. ಮೇಲಿನೂರಿನ ಮೆಂಬರ್ ಯೋಸಿಪ್ ಮಾತ್ರ ಒಪ್ಪುತ್ತಿಲ್ಲ. ಅವನ ಅಕ್ಕನ ಗಂಡ ಸ್ಟಿಪೆ ಇರುವುದು ಮಿಷಿಗನ್ನಿನ ಪ್ಲಿಮತ್‌ನಲ್ಲಿ. ಅಲ್ಲಿಂದ ಸ್ಟಿಪೆ ಫೋನಿನಲ್ಲಿ ಹೂಂ ಅನ್ನದೆ ಯೋಸಿಪ್ ಕೈ ಎತ್ತುವುದಿಲ್ಲ. ಆ ಸ್ಟಿಪೆ ಮಾರಾಳ ಖಾಸಾ ಅಣ್ಣ. ತಂಗಿಯ ಜೊತೆ ಮಾತು ಬಿಟ್ಟು ಮೂವತ್ತು ವರ್ಷ.

"ಯಾಕ?" ಅಂದೆ.

"ಬಸ್ ಸ್ಟಾಪಿಗೆ" ಅಂದಳು.

ಆಗ ಅದು ಯುಗೊಸ್ಲಾವಿಯಾ. ಊರ ಸಮಿತಿಗೆ ಹೆಸರು ಬೇರೆ ಇತ್ತು, ಕೆಲಸ ಇದೇ. ಮಾರಾಳ ಗಂಡ ಇವಾನ್ ಅಧ್ಯಕ್ಷನಾಗಿದ್ದಾಗ ಮೊದಲ ಬಸ್ಸು ಬಂದು ಕೆಳಗಿನೂರಿನಲ್ಲೇ ನಿಂತಿತು. ತನ್ನ ಮನೆ ಮುಂದೆ ಸ್ಟಾಪು ಮಾಡಿಕೊಂಡ ಎಂದು ಮೇಲಿನೂರಿನವರು ಸಿಟ್ಟಾದರು. ಎರಡೂ ಊರಿನ ಜನ ಆಮೇಲೆ ಕೆಲಸ ಹುಡುಕಿಕೊಂಡು ಶಿಕಾಗೋಕ್ಕೂ ಡೆಟ್ರಾಯಿಟ್‌ಗೂ ಬಂದರು, ಜಗಳವನ್ನೂ ಕಟ್ಟಿಕೊಂಡು ಬಂದರು. ಇವಾನ್ ಸತ್ತಾಗಲೂ ಸ್ಟಿಪೆ ಬರಲಿಲ್ಲ. ನನ್ನ ಕುರ್ಚಿಯಲ್ಲಿ ಯಜಮಾನರು ಕೂತಿದ್ದಾದರೂ ಅದೇ ಊರಿನ ನಮ್ಮ ಮನೆಯಿಂದ ಬಂದು. ಇವನು ಸಮುದ್ರದಾಚೆ ಕೂತು ಫೋನಿನಲ್ಲಿ ಕಾರಭಾರು ಮಾಡುತ್ತಿದ್ದಾನಲ್ಲ, ಭಲೆ ಅನ್ನಿಸಿತು.

ದಾರಿಯ ಗೋವಿನಜೋಳ

ಆ ಎರಡೂ ಊರಿನವರು ವರ್ಷಕ್ಕೊಮ್ಮೆ ಸೇರುವ ಪಿಕ್‌ನಿಕ್ ಆ ಸಲ ಪ್ಲಿಮತ್ ಹತ್ತಿರದ ಪಾರ್ಕಿನಲ್ಲಿತ್ತು. ಮಿಷಿಗನ್ನಿನಲ್ಲಿ ಆದಾಗ ಮಾರಾ ಹೋಗುತ್ತಿರಲಿಲ್ಲ. ಅದೇ ವಾರ ರಫೀಕರಿಗೂ ಪ್ಲಿಮತ್‌ನಲ್ಲಿ ಆಫೀಸಿನ ಕೆಲಸ ಬಿತ್ತು. ಶನಿವಾರವೇ ಎಲ್ಲರೂ ಹೋಗಿಬಿಡೋಣ ಎಂದು ನಾನು ಹಟ ಹಿಡಿದೆ. ಮಾರಾ ಎರಡು ದಿನ ಒಲ್ಲೆ ಎಂದು, ಮೂರನೆಯ ದಿನ ಅಕ್ರೋಟಿನ ಹೂರಣ ತುಂಬಿ ಸುತ್ತಿದ ಬ್ರೆಡ್ಡು ಮಾಡಿಕೊಂಡು ಕಾರಿನಲ್ಲಿ ಕೂತೇಬಿಟ್ಟಳು. ನಾನು ಉಳಿದ ಒಂದು ಜೊತೆ ಸನ್ಮಾನದ ಸಾಮಾನು ಚೀಲಕ್ಕೆ ತುರುಕಿಕೊಂಡೆ.

ಇಂಡಿಯಾನಾ ದಾಟುವ ತನಕ ಎರಡೂ ಕಡೆ ಗೋವಿನಜೋಳ. ಇಷ್ಟು ದೂರ ಬಂದು ಮತ್ತೆ ನಮ್ಮ ಹಾವೇರಿ ಜಿಲ್ಲೆಯನ್ನೇ ನೋಡಬೇಕೆ! ಬದು ಇಲ್ಲ, ಕಾವಲಿಗೆ ಕೂತ ಅಜ್ಜ ಇಲ್ಲ, ಅಷ್ಟೇ ವ್ಯತ್ಯಾಸ.

ನಾನು ನಮ್ಮೂರ ಬಸ್ಸಿನ ಕತೆ ಹೇಳತೊಡಗಿದೆ, ಹಸೀನಾ ಇಂಗ್ಲಿಷ್ ಮಾಡಿದಳು. ನಮ್ಮೂರಿಗೆ ಕೆಂಪು ಬಸ್ಸು ಮಂಜೂರಾಗಿ ಒಂದೇ ವಾರಕ್ಕೆ ನಿಂತಿತ್ತು. ಕಾರಣ? ತಿರುಗಿಸಲು ಜಾಗವಿಲ್ಲ. ಡ್ರೈವರ್ ಹಳ್ಳದ ತನಕ ರಿವರ್ಸ್ ಹೋಗಬೇಕಿತ್ತು. ಊರಿನಲ್ಲಿದ್ದ ಸಪಾಟು ಜಾಗವೆಂದರೆ ನನ್ನ ಮೈದುನನ ಕಣ. ಕೊಡು ಅಂದರೆ, "ವೈನಿ, ರಾಶಿ ನಿಮ್ಮ ತಲೀ ಮ್ಯಾಲೆ ಮಾಡ್ಲೇನು?" ಅಂದ. ದಿನಾ ಅವನ ಮನೆಗೆ ಹೋಗಿ ಸುಮ್ಮನೆ ಕೂತು ಬಂದೆ. ಚಹಾ ಕುಡಿದೆ, ಬಸ್ಸಿನ ಮಾತು ಎತ್ತಲಿಲ್ಲ. ಕೊನೆಗೆ ಅವನೇ ಬೇಸತ್ತು, "ತಗೋಳ್ರಿ ಮಾರಾಯ್ತಿ" ಅಂದ. ಬಸ್ಸು ಬಂದ ದಿನ ಊರಮಂದಿಯೆಲ್ಲ ಹತ್ತಿ, ಸವಣೂರಲ್ಲಿ ಇಳಿದು, ಚಹಾ ಕುಡಿದು, ಅದೇ ಬಸ್ಸಿಗೆ ವಾಪಸ್ಸು ಬಂದರು. ಯಾರಿಗೂ ಅಲ್ಲಿ ಏನೂ ಕೆಲಸವಿರಲಿಲ್ಲ.

ರಫೀಕ್ ನಕ್ಕು ನಕ್ಕು ತಿರುಗಬೇಕಾದ ಎಕ್ಸಿಟ್ ದಾಟಿಬಿಟ್ಟರು. "ಅಕ್ಕ, ನೀವು ಕತೆ ಹೇಳಿ, ಇಲ್ಲಾ ನನ್ನನ್ನ ಡ್ರೈವ್ ಮಾಡೋಕ್ ಬಿಡಿ. ಎರಡೂ ಆಗಲ್ಲ" ಅಂದರು. ಗೋವಿನಜೋಳದ ಹೊಲಗಳ ನಡುವೆ ಸುತ್ತು ಹಾಕಿ ಮತ್ತೆ ಹೆದ್ದಾರಿಗೆ ಬಂದೆವು.

ಮಾರಾಳೂ ನಕ್ಕಿದ್ದಳು. ಆಮೇಲೆ ಕೇಳಿದಳು, "ಕಣ ಕೊಡದೇ ಇದ್ದಿದ್ದರೆ?"

"ಕೊಡದಿದ್ದರೆ ಬಸ್ಸು ಪಕ್ಕದೂರಿನಾಗ ನಿಲ್ತಿತ್ತು. ಮಂದಿ ನನ್ನ ಬೈತಿದ್ರು" ಅಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಪ್ಲಿಮತ್

ಪಾರ್ಕಿನಲ್ಲಿ ಕುರಿಮರಿ ಇಡಿಯಾಗಿ ಕಂಬಿಗೆ ಸಿಕ್ಕಿಸಿ ಕೆಂಡದ ಮೇಲೆ ತಿರುಗಿಸುತ್ತಿದ್ದರು. ಆ ವಾಸನೆಗೆ ಬಾಯಲ್ಲಿ ನೀರೂರಿತು, ಆದರೆ ಹಲಾಲ್ ಅಲ್ಲ. ನಾವು ಮೂವರೂ ಬ್ರೆಡ್ಡು, ಗಿಣ್ಣಿನಂಥ ಚೀಸು, ಕೆಂಪು ಮೆಣಸಿನಕಾಯಿಯ ಚಟ್ನಿಯಲ್ಲಿ ತೃಪ್ತಿ ಪಟ್ಟೆವು. ಆ ಚಟ್ನಿ ನೋಡಲು ನಮ್ಮ ಖಾರದ ರಂಜಕವೇ, ಬಾಯಿಗಿಟ್ಟರೆ ಸಿಹಿ. ಹೀಗೂ ಮೋಸ ಮಾಡುತ್ತಾರಲ್ಲ!

ಮೇಜುಗಳು ಎರಡು ಸಾಲಿನಲ್ಲಿದ್ದವು. ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ. ಈ ಕಡೆ ಕೆಳಗಿನೂರು, ಆ ಕಡೆ ಮೇಲಿನೂರು. ಯಾರೂ ಹಾಗೆಂದು ಬರೆದಿರಲಿಲ್ಲ, ಆದರೆ ಯಾರೂ ತಪ್ಪಿ ಕೂತಿರಲಿಲ್ಲ. ಮಾರಾ ಆ ಸಾಲಿಗೆ ಬೆನ್ನು ಮಾಡಿ ಕೂತು ತನ್ನ ಬ್ರೆಡ್ಡು ಕೊಯ್ಯುತ್ತಿದ್ದಳು.

ನಾನು ಅಧ್ಯಕ್ಷ ಯಾರು ಎಂದು ಹುಡುಕುತ್ತಿದ್ದೆ. ಇಷ್ಟು ಜನ ಸೇರಿದಲ್ಲಿ ಒಬ್ಬ ಅಧ್ಯಕ್ಷ ಇರಲೇಬೇಕಲ್ಲ. ಮೇಪಲ್ ಮರದ ಕೆಳಗೆ ತೋಳುಕುರ್ಚಿಯಲ್ಲಿ ಬಿಳಿ ಅಂಗಿಯ ಎತ್ತರದ ಮುದುಕ ಕೂತಿದ್ದ. ಬಂದವರೆಲ್ಲ ಹೋಗಿ ಬಗ್ಗಿ ಕೈ ಕುಲುಕುತ್ತಿದ್ದರು. ಅವನು ಯಾರಿಗೂ ಏಳುತ್ತಿರಲಿಲ್ಲ. ಇವನೇ ಅಂದುಕೊಂಡೆ. ಏಳದಿದ್ದುದು ಮೊಣಕಾಲಿನ ಆಪರೇಶನ್ ಆಗಿದ್ದಕ್ಕೆ, ಬಗ್ಗಿದವರೆಲ್ಲ ಕಾಲು ಹೇಗಿದೆ ಎಂದು ಕೇಳಲಿಕ್ಕೆ ಎಂಬುದು ನನಗೆ ಹೇಗೆ ಗೊತ್ತಾಗಬೇಕು?

ಹಸೀನಾ ತಟ್ಟೆ ತರಲು ಹೋಗಿದ್ದಳು. ಮಾರಾಳ ಹೆಗಲು ಮುಟ್ಟಿ, "ಅಧ್ಯಕ್ಷರಿಗೆ ಸನ್ಮಾನ, ಬರ್ರಿ" ಎಂದು ಕೈಹಿಡಿದು ಎಬ್ಬಿಸಿದೆ. ಶಾಲು ಹೊದಿಸಲು ಎರಡು ಕೈ ಸಾಲುವುದಿಲ್ಲ, ಆ ತುದಿಗೆ ಒಬ್ಬರು ಬೇಕು, ಅದು ನಮ್ಮ ಪದ್ಧತಿ. ಕೂಟದ ನಿಜವಾದ ಅಧ್ಯಕ್ಷ ಕುರಿಯ ಹತ್ತಿರ ನಿಂತಿದ್ದ, ಅವನ ಬಳಿಗೇ ಹೋಗುತ್ತಿದ್ದೇವೆ ಎಂದುಕೊಂಡು ಅವಳು ಸೆರಗಿಗೆ ಕೈ ಒರೆಸುವ ಹಾಗೆ ಏಪ್ರನ್ನಿಗೆ ಕೈ ಒರೆಸುತ್ತ ನೆಲ ನೋಡಿಕೊಂಡು ಬಂದಳು. ನಾನು ಸರಸರ ಪೇಟ ತೊಡಿಸಿದೆ, ಹಾರ ಹಾಕಿದೆ, ದಾರಿಯಲ್ಲಿ ಕೊಂಡ ಹಣ್ಣಿನ ಬುಟ್ಟಿಯನ್ನು ಮುದುಕನ ತೊಡೆಯ ಮೇಲಿಟ್ಟು ಅವನ ಎರಡೂ ಕೈಗೆ ಹಿಡಿಸಿದೆ. ಶಾಲು ಬಿಡಿಸಿ ಒಂದು ತುದಿ ಮಾರಾಳಿಗೆ ಕೊಟ್ಟೆ.

ಅವಳು ತಲೆ ಎತ್ತಿದಳು. ಸುತ್ತಲಿನ ಗದ್ದಲವೆಲ್ಲ ಬಂದಾಯಿತು, ಕುರಿ ತಿರುಗಿಸುವವನೂ ನಿಲ್ಲಿಸಿದ.

ಹಸೀನಾ ಓಡಿ ಬಂದಳು. "ಅಕ್ಕಾ, ಎಂಥಾ ಕೆಲಸ ಮಾಡಿದಿ! ಅವರು ಸ್ಟಿಪೆ! ಮಾರಾ ಆಂಟಿ ಅಣ್ಣ!"

ಆದರೆ ತೊಡಿಸಿದ ಪೇಟ ವಾಪಸ್ಸು ತೆಗೆಯಲಾಗುತ್ತದೆಯೆ? ಯಾರೂ ಚಪ್ಪಾಳೆ ಹೊಡೆಯದಿದ್ದಾಗ ಸಂಘಟಕರೇ ಶುರು ಮಾಡಬೇಕು, ಅದೂ ಪದ್ಧತಿಯೇ. ನಾನು ಹೊಡೆದೆ. ಪಾಪ, ರಫೀಕ್ ಹೊಡೆದರು. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಎನ್ನುತ್ತ ಎರಡೂ ಸಾಲಿನವರು ಹೊಡೆದರು. ಸ್ಟಿಪೆಗೆ ಕಾಲು ನೋವು, ಎದ್ದು ಹೋಗುವಂತಿಲ್ಲ. ಕೈತುಂಬ ಹಣ್ಣು, ತಳ್ಳುವಂತಿಲ್ಲ. ತಲೆಯ ಮೇಲೆ ಜರಿಯ ಪೇಟ.

"ಇದು ಯಾತಕ್ಕೆ?" ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದ.

ಸನ್ಮಾನ ಯಾತಕ್ಕೆ ಎಂದು ನಮ್ಮ ಕಡೆ ಇದುವರೆಗೆ ಯಾರೂ ಕೇಳಿದವರಿಲ್ಲ. ಬಾಯಿಗೆ ಬಂದ ರೂಢಿಯ ಮಾತು ಅಂದೆ, "ಊರಿಗೆ ನೀವು ಮಾಡಿದ ಸೇವೆಗೆ." ಅಷ್ಟಕ್ಕೇ ಬಿಡದೆ ಮುಂದುವರಿಸಿದೆ, "ನೌ ಸ್ಪೀಚ್. ಟೂ ವರ್ಡ್ಸ್." ಹಸೀನಾ ನನ್ನ ರಟ್ಟೆ ಚಿವುಟಿದಳು. ನಾನೇನು ಮಾಡಲಿ, ಸನ್ಮಾನಿತರು ಎರಡು ಮಾತಾಡದೆ ಕಾರ್ಯಕ್ರಮ ಮುಗಿಯುವುದಾದರೂ ಹೇಗೆ?

ಅವನು ತೊಡೆಯ ಮೇಲಿನ ಬುಟ್ಟಿ ಸರಿಮಾಡಿಕೊಂಡ. ಆಮೇಲೆ ತನ್ನ ಭಾಷೆಯಲ್ಲಿ ಮೆಲ್ಲಗೆ ಮಾತಾಡತೊಡಗಿದ. ಕೆಳಗಿನೂರಿನ ಹೆಂಗಸೊಬ್ಬಳು ಹಸೀನಾಳ ಕಿವಿಯಲ್ಲಿ ಇಂಗ್ಲಿಷ್ ಮಾಡಿದಳು, ಹಸೀನಾ ನನ್ನ ಕಿವಿಯಲ್ಲಿ ಕನ್ನಡ ಮಾಡಿದಳು.

"ನಾ ಊರಿಗೆ ಯಾವ ಸೇವಾನೂ ಮಾಡಿಲ್ಲ ಅಂತಾರಕ್ಕಾ... ಬಸ್ಸು ಬರೋ ಮುಂದ ಇವಾನ್ ನಮ್ಮ ಮನೀಗೆ ಎರಡು ಸಲ ಬಂದಿದ್ದ. ಮೇಲಿನೂರಾಗ ಬಸ್ಸು ತಿರುಗಸಾಕ ಜಾಗ ಅಂದ್ರ ನಮ್ಮ ಅಂಗಳ ಒಂದ. ಅಪ್ಪ ಕೊಡಂಗಿಲ್ಲ ಅಂದ. ಅಲ್ಲಿ ಹುಲ್ಲಿನ ಬಣವಿ ಇತ್ತು. ನಾ ಅಪ್ಪನ ಹಿಂದ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅದಕ್ಕ ಬಸ್ಸು ಕೆಳಗ ನಿಂತಿತು. ಅವ್ವ ಸಾಯೋ ತನಕ ಹಿಮದಾಗ ನಡಕೋಂತ ಇಳದು ಬಂದು ಬಸ್ ಹಿಡದಳು. ನಾ ಮಾತ್ರ ಇವಾನ್ ತನ್ನ ಮನೀ ಮುಂದ ಸ್ಟಾಪ್ ಇಟಗೊಂಡ ಅಂತ ಊರಿಗೆಲ್ಲಾ ಹೇಳಿದೆ. ಹೇಳಿ ಹೇಳಿ ನಾನೂ ನಂಬಿದೆ."

ಅವನು ಮಾರಾಳ ಕಡೆ ತಿರುಗಿ ಏನೋ ಕೇಳಿದ. ಅವಳು ಏನೋ ಅಂದಳು. ಅವನು ಮತ್ತೇನೋ ಅಂದ. ನಮಗೆ ಇಂಗ್ಲಿಷ್ ಮಾಡುತ್ತಿದ್ದ ಹೆಂಗಸು ಅಳುತ್ತ ನಿಂತುಬಿಟ್ಟಿದ್ದಳು. ಹಸೀನಾ ಅವಳ ತೋಳು ಅಲುಗಿಸಿ ಕೇಳಬೇಕಾಯಿತು.

"ನಿನಗೆ ಗೊತ್ತಿತ್ತು, ಯಾಕ ಹೇಳಲಿಲ್ಲ ಅಂದ್ರಂತ ಸ್ಟಿಪೆ. ಅಪ್ಪನ ಹೆಸರು ಕೆಡ್ತಿತ್ತು ಅಂದ್ರಂತ ಆಂಟಿ. ಅವ ನನಗೂ ಅಪ್ಪ ಆಗಿದ್ದ, ಆ ಭಾರ ನಾನೂ ಹೊರಬೇಕಿತ್ತು ಅಂದ್ರಂತ ಅವರು."

ಶಾಲಿನ ತುದಿ ಇನ್ನೂ ಮಾರಾಳ ಮುಷ್ಟಿಯಲ್ಲೇ ಇತ್ತು. ಅದನ್ನು ಅಣ್ಣನ ಹೆಗಲ ಮೇಲೆ ಸರಿಯಾಗಿ ಹೊದಿಸಿ, ಕುತ್ತಿಗೆಯ ಹತ್ತಿರ ಮಡಿಕೆ ಸರಿಮಾಡಿದಳು, ಮಗುವಿಗೆ ಚಳಿಯಾದೀತು ಎನ್ನುವವರ ಹಾಗೆ. ನಾನು ಗಳಗಳ ಅತ್ತೆ. ಯಾರೋ ಪರದೇಶದ ಅಣ್ಣತಂಗಿ, ನನಗ್ಯಾಕೆ ಅಳು ಬರಬೇಕು? ಬಂತು.

ಸ್ಟಿಪೆ ಫೋನು ಕೇಳಿದ. ಅವರ ಊರಲ್ಲಿ ಆಗ ಸಂಜೆಯಂತೆ. ಪೇಟ ತೊಟ್ಟುಕೊಂಡೇ ಯೋಸಿಪ್‌ಗೆ ಕೂಗಿ ಹೇಳಿದ. ಈ ಸಲ ಎರಡೂ ಸಾಲಿನವರು ಒಟ್ಟಿಗೆ ನಕ್ಕರು. "ಅಂಗಳದಾಗಿನ ಕಟಗಿ ರಾಶಿ ತಗಿ, ಬಸ್ಸು ತಿರುಗಬೇಕು ಅಂತಾರ. ಯೋಸಿಪ್ ಇವರು ಕುಡದಾರ ಅಂದುಕೊಂಡಾನಂತ!" ಅಂದಳು ಹಸೀನಾ. ಆಮೇಲೆ ತೀರ್ಮಾನ ಆಗಲು ಒಂದು ತಟ್ಟೆ ಊಟದ ಹೊತ್ತೂ ಬೇಕಾಗಲಿಲ್ಲ. ಬಸ್ಸು ಗುಡ್ಡ ಹತ್ತಿ ಮೇಲಿನೂರಿಗೆ ಹೋಗಬೇಕು, ಸ್ಟಿಪೆಯ ಅಂಗಳದಲ್ಲಿ ತಿರುಗಬೇಕು, ಇಳಿಯುವಾಗ ಕೆಳಗಿನೂರಲ್ಲಿ ನಿಲ್ಲಬೇಕು.

ನನ್ನ ಅವಧಿಯಲ್ಲಿ ನಾನು ಎಷ್ಟೋ ಜನರಿಗೆ ಶಾಲು ಹೊದಿಸಿದ್ದೇನೆ, ಅದರಲ್ಲಿ ಅರ್ಧ ಜನ ಯೋಗ್ಯರಲ್ಲ. ಹೊದಿಸಿದ ಮೇಲೆ ಅದಕ್ಕೆ ಯೋಗ್ಯನಾದವನನ್ನು ನೋಡಿದ್ದು ಅವತ್ತೇ.

ನಮ್ಮೂರು

ನಾನು ಸೆಪ್ಟೆಂಬರಿನಲ್ಲಿ ಊರಿಗೆ ಬಂದೆ, ಮಾರಾ ಅಕ್ಟೋಬರಿನಲ್ಲಿ ತನ್ನೂರಿಗೆ ಹೋದಳು. ಹೋಗುವಾಗ ಬೆಂಚನ್ನು ಹಸೀನಾಳಿಗೆ ಕೊಟ್ಟು, ಬೀದಿಯ ಕಡೆಗೇ ಮುಖ ಮಾಡಿ ಇಡಬೇಕೆಂದು ತಾಕೀತು ಮಾಡಿದಳಂತೆ. ಈಗ ಸಂಜೆ ಯಾರಾದರೂ ಬಂದು ಕೂರುತ್ತಾರಂತೆ. ಹಸೀನಾಳಿಗೆ ಆ ಬೀದಿಯಲ್ಲಿ ಮೊದಲ ಸಲ ನಾಲ್ಕು ಜನರ ಹೆಸರು ಗೊತ್ತಾಗಿದೆ.

ಚಳಿಗಾಲದಲ್ಲಿ ಹಸೀನಾ ಫೋನು ಮಾಡಿದಳು. ಮಾರಾಳ ಮಗ ಹೇಳಿದ ಸುದ್ದಿ. ಬಸ್ಸು ಶುರುವಾಯಿತು. ಮೊದಲ ಬುಧವಾರ ಅಂಗಳದಲ್ಲಿ ಬಸ್ಸು ತಿರುಗಿದಾಗ ಮೇಲಿನೂರಿನ ಆರೂ ಜನ ಹತ್ತಿದರಂತೆ. ಡ್ರೈವರು ಪೇಟೆಗೋ ಎಂದು ಕೇಳಿದರೆ ಅಲ್ಲ ಅಂದರಂತೆ. ಕೆಳಗಿನೂರಲ್ಲಿ ಇಳಿದು, ಮಾರಾಳ ಮನೆಯಲ್ಲಿ ಕಾಫಿ ಕುಡಿದು, ಬಸ್ಸು ಪೇಟೆಯಿಂದ ವಾಪಸ್ಸು ಬಂದಾಗ ಅದಕ್ಕೇ ಹತ್ತಿ ಮನೆಗೆ ಹೋದರಂತೆ. ಕೇಳಿ ನಾನು ಕೂತಲ್ಲೇ ಚಪ್ಪಾಳೆ ಹೊಡೆದೆ.

"ಸ್ಟಿಪೆ ಹೆಂಗದಾನ?" ಅಂದೆ.

"ಛಲೋ ಅದಾರ. ಪೇಟಾ ಗ್ವಾಡಿಗೆ ತೂಗ ಹಾಕ್ಯಾರಂತ. ಬುಧವಾರಕ್ಕೊಮ್ಮೆ ತಪ್ಪದ ಆಂಟಿಗೆ ಫೋನ್ ಮಾಡ್ತಾರಂತಕ್ಕಾ."

ಮೂವತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣ, ಏನು ಮಾತಾಡುತ್ತಾನೋ ಎಂಬ ಕುತೂಹಲ ನನಗೆ.

"ಬ್ಯಾರೆ ಏನೂ ಬರಂಗಿಲ್ಲಂತ ಅವರಿಗೆ" ಅಂದಳು ಹಸೀನಾ. "ಬಸ್ಸು ಬಂತಾ ಅಂತ ಕೇಳ್ತಾರಂತ. ಬಂತು ಅಂತಾರಂತ ಆಂಟಿ. ಆದ್ರೂ ಇಬ್ಬರೂ ಫೋನ್ ಇಡಂಗಿಲ್ಲಂತ."